ಪಕ್ಕದ ಸೀಟಿನ ಬ್ರೇಕು

ನಮ್ಮ ಬೀದಿಯಲ್ಲಿ ಕಾರು ಓಡಿಸಲು ಬರುವ ಯಾರನ್ನಾದರೂ ನಿಲ್ಲಿಸಿ, ಕಲಿಸಿದ್ದು ಯಾರು ಅಂತ ಕೇಳಿ. ನಿಧಾನ ಮೇಷ್ಟ್ರು ಅನ್ನುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆದರೆ ದಿನಕ್ಕೆ ನೂರು ಸಲ ಬಾಯಲ್ಲಿ ಬರುವ ಮಾತೇ ಅವರಿಗೆ ಅಂಟಿಕೊಂಡುಬಿಟ್ಟಿತು. ಅವರ ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೂ ‘ನಿಧಾನವೇ ಪ್ರಧಾನ’ ಎಂದು ಕೆಂಪಕ್ಷರದಲ್ಲಿ ಬರೆಸಿದ್ದಾರೆ. ನನ್ನ ಜೆರಾಕ್ಸ್ ಅಂಗಡಿ ಆ ಸ್ಕೂಲಿಗೆ ಅಂಟಿಕೊಂಡೇ ಇದೆ. ನಡುವೆ ಒಂದೇ ಗೋಡೆ, ಅದೂ ತೆಳು. ಹಾಗಾಗಿ ಅವರ ಮನೆಯ ಸಂಗತಿ ನನಗೆ ನನ್ನ ಮನೆಯದಕ್ಕಿಂತ ತುಸು ಹೆಚ್ಚೇ ಗೊತ್ತು, ಸುಳ್ಳೇಕೆ ಹೇಳಲಿ.

ಮೇಷ್ಟ್ರು ಮೊದಲು ಲಾರಿ ಓಡಿಸುತ್ತಿದ್ದವರು. ಬೆನ್ನು ಹಿಡಿದುಕೊಂಡ ಮೇಲೆ ಲಾರಿ ಬಿಟ್ಟು, ಹಳೆಯದೊಂದು ಬಿಳಿ ಕಾರು ಕೊಂಡು ಸ್ಕೂಲು ತೆರೆದರು. ಹೊಸತರಲ್ಲೇ ಒಬ್ಬ ಶಿಷ್ಯ ಬ್ರೇಕು ಅಂದುಕೊಂಡು ಆಕ್ಸಿಲರೇಟರ್ ತುಳಿದು, ಕಾರನ್ನು ಸೀದಾ ಕ್ಷೌರದ ಅಂಗಡಿಯೊಳಕ್ಕೆ ನುಗ್ಗಿಸಿದ. ಯಾರಿಗೂ ಏನೂ ಆಗಲಿಲ್ಲ. ಕುರ್ಚಿಯಲ್ಲಿ ಕೂತಿದ್ದವನು ಅರ್ಧ ಮೀಸೆಯಲ್ಲೇ ಓಡಿದ ಅಂತ ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. ಆ ವಾರವೇ ಪಕ್ಕದ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಪೆಡಲ್ ಕೂರಿಸಿದರು. ಅದಕ್ಕೂ ಓಡಿಸುವವರ ಪೆಡಲ್‌ಗೂ ಅಡಿಯಲ್ಲಿ ಒಂದು ಸರಳಿನ ಸಂಬಂಧ. ಮೇಷ್ಟ್ರು ಇಲ್ಲಿ ಒತ್ತಿದರೆ ಅಲ್ಲಿ ಕಲಿಯುವವರ ಕಾಲಡಿಯ ಪೆಡಲ್ ತಾನಾಗಿ ಕೆಳಗಿಳಿಯುತ್ತದೆ, ಗಾಡಿ ನಿಲ್ಲುತ್ತದೆ. ಅವರ ಕೈಯಲ್ಲಿ ಕಲಿತ ನಮಗೆಲ್ಲ ಅದರ ಅನುಭವ ಇದೆ. ‘ನಾನೇ ಓಡಿಸ್ತಾ ಇದ್ದೀನಿ’ ಎಂದು ಒಳಗೊಳಗೇ ಬೀಗುವಷ್ಟರಲ್ಲಿ ಕಾಲಡಿ ಪೆಡಲ್ ಕುಸಿಯುತ್ತದೆ, ಪಕ್ಕದಿಂದ ‘ನಿಧಾನ’ ಕೇಳಿಸುತ್ತದೆ, ಬೀಗಿದ್ದೆಲ್ಲ ಇಳಿದುಹೋಗುತ್ತದೆ.

ಅಂದಿನಿಂದ ಅವರ ಬಲಗಾಲಿಗೆ ವಿಶ್ರಾಂತಿ ಅನ್ನುವುದೇ ಇಲ್ಲ. ಬಸ್ಸಿನಲ್ಲಿ ಕೂತರೂ ತಿರುವಿನಲ್ಲಿ ನೆಲ ಒತ್ತುತ್ತಾರೆ. ಟಿವಿಯಲ್ಲಿ ಕಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ದೃಶ್ಯ ಬಂದರೆ ಸೋಫಾದ ಮುಂದಿನ ಚಾಪೆ ಜರುಗುತ್ತದೆ. ಅವರಿಗೆ ಅದು ಗೊತ್ತೇ ಆಗುವುದಿಲ್ಲ. ಹೇಳಿದರೆ ‘ನಾನಾ? ಎಲ್ಲಿ?’ ಅನ್ನುತ್ತಾರೆ.

ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಅನ್ನುತ್ತೇವೆ. ಸ್ಕೂಲಿನ ಮುಂದಿನ ಕೋಣೆಯಲ್ಲಿ ಕಪ್ಪು ಹಲಗೆಯ ಮೇಲೆ ರಸ್ತೆಯ ಚಿಹ್ನೆಗಳನ್ನು ಬರೆದು ಪಾಠ ಹೇಳುವುದು ಅಕ್ಕ. ಗೇರು ಅಂದರೇನು, ಕ್ಲಚ್ಚು ಒಳಗೆ ಏನು ಮಾಡುತ್ತದೆ ಎಂಬುದನ್ನು ಅವರು ಹೇಳಿದರೆ ಹಾಲು ಕುಡಿಯುವ ಕೂಸಿಗೂ ಅರ್ಥವಾಗಬೇಕು. ಲೈಸೆನ್ಸೂ ಇದೆ, ಪರ್ಸಿನಲ್ಲಿ ಸುಕ್ಕಿಲ್ಲದೆ ಭದ್ರವಾಗಿದೆ. ಲ್ಯಾಮಿನೇಟ್ ಮಾಡಿಕೊಟ್ಟವಳು ನಾನೇ. ಆದರೆ ಗಂಡನ ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದಾಗಲೆಲ್ಲ ಬೀದಿ ದಾಟುವುದರೊಳಗೆ ಇಬ್ಬರಿಗೂ ಮಾತು ಬಿಟ್ಟುಹೋಗುತ್ತಿತ್ತು. ಊರಿಗೆಲ್ಲ ಗಾಡಿ ಕಲಿಸಿದವರ ಮನೆಯಲ್ಲೇ ದೀಪದ ಬುಡದಲ್ಲಿ ಕತ್ತಲು. ಕಲಿಯಲು ಬರುವ ಹೆಂಗಸರು ‘ನಮಗೆ ಅಕ್ಕನೇ ಕಲಿಸಲಿ’ ಎಂದು ಎಷ್ಟೋ ಸಲ ಕೇಳಿದ್ದರು. ಮೇಷ್ಟ್ರು ಪ್ರತಿ ಸಲವೂ ‘ನೋಡೋಣ’ ಅನ್ನುತ್ತಿದ್ದರು. ಅವರ ‘ನೋಡೋಣ’ಕ್ಕೆ ಏನರ್ಥ ಎಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಊರಿನ ಮೋಟಾರು ಸಂಘದವರು ಒಂದು ರ್‍ಯಾಲಿ ಇಟ್ಟರು. ಹಿಂದೆ ಯಾವ ಸ್ಪರ್ಧೆಯಲ್ಲೂ ಭಾಗವಹಿಸದವರಿಗೆ ಮಾತ್ರ. ಒಂದು ಕಾರಿಗೆ ಇಬ್ಬರು: ಒಬ್ಬರು ಓಡಿಸಬೇಕು, ಒಬ್ಬರು ಪಕ್ಕದಲ್ಲಿ ಕೂತು ದಾರಿಯ ಕಾಗದ ನೋಡಿ ಹೇಳಬೇಕು. ವೇಗವಾಗಿ ಹೋದವರು ಗೆಲ್ಲುವ ಆಟವಲ್ಲ ಇದು. ಎಲ್ಲಿಂದ ಎಲ್ಲಿಯವರೆಗೆ ಎಷ್ಟು ವೇಗದಲ್ಲಿ ಹೋಗಬೇಕೆಂದು ಅವರೇ ಬರೆದುಕೊಟ್ಟಿರುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ಮರದ ಮರೆಯಲ್ಲೋ ಸೇತುವೆಯ ಪಕ್ಕದಲ್ಲೋ ಗಡಿಯಾರ ಹಿಡಿದು ಕೂತಿರುತ್ತಾರೆ. ಮುಂಚೆ ಬಂದರೂ ತಪ್ಪು, ತಡವಾದರೂ ತಪ್ಪು. ಮೇಷ್ಟ್ರಿಗೆ ಇದು ತಮಗೆಂದೇ ಮಾಡಿದ ಆಟ ಅನ್ನಿಸಿರಬೇಕು. ಶಿಷ್ಯರ ಮುಂದೆ ಎದೆ ತಟ್ಟಿಕೊಂಡು ‘ನಾನೂ ಬರ್ತೀನಿ, ನಿಮಗೆಲ್ಲ ತೋರಿಸ್ತೀನಿ’ ಅಂದುಬಿಟ್ಟರು. ಆಮೇಲೆ ನಿಯಮಗಳ ಹಾಳೆಯನ್ನು ಜೆರಾಕ್ಸ್ ಮಾಡಿಸಲು ನನ್ನಲ್ಲಿಗೆ ತಂದರು. ಓದುವುದು ನನ್ನ ಚಾಳಿ.

“ಮೇಷ್ಟ್ರೇ, ಗಾಡಿ ಓಡಿಸೋದೇ ಕಸುಬಾಗಿರೋರು ಸ್ಟಿಯರಿಂಗ್ ಹಿಡಿಯೋ ಹಾಗಿಲ್ವಂತೆ. ಪಕ್ಕದಲ್ಲಿ ಕೂರಬಹುದಂತೆ,” ಅಂದೆ.

ಅವರ ಮುಖ ಇಷ್ಟೇ ಇಷ್ಟಾಯಿತು. ಆಡಿದ ಮಾತು ಊರು ತುಂಬಿ ಆಗಿತ್ತು, ಹಿಂದೆ ಸರಿದರೆ ಮರ್ಯಾದೆ ಹೋಗುತ್ತದೆ. ಟೈಪಿಂಗಿಗೆ ಕಾಗದ ಕೊಡಲು ಬಂದ ಅಕ್ಕ ಬಾಗಿಲಲ್ಲೇ ನಿಂತಿದ್ದರು.

“ನಾನು ಓಡಿಸ್ತೀನಿ,” ಅಂದರು.

“ನೀನಾ?”

“ಹೂಂ, ನಾನೇ. ಮರ್ಯಾದೆಯಾಗಿ ಓಡಿಸಿ ಮುಗಿಸಿದ್ರೆ ಹೆಂಗಸರ ಬ್ಯಾಚು ನನಗೆ. ಒಪ್ಪಿದ್ರೆ ಹೇಳಿ, ಇಲ್ಲಾಂದ್ರೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ.”

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಜೆರಾಕ್ಸ್ ಯಂತ್ರದ ಮುಚ್ಚಳ ಒರೆಸತೊಡಗಿದೆ.

“ಆಯ್ತು ಮಾರಾಯ್ತಿ,” ಅಂದರು ಕೊನೆಗೆ.

ಈ ಸುದ್ದಿಯನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ನಮ್ಮತ್ತೆಗೆ ವಯಸ್ಸಾಗಿದ್ದು ಮೊಣಕಾಲಿಗೆ ಮಾತ್ರ, ಬಾಯಿಗಾಗಲಿ ಆಸೆಗಾಗಲಿ ಅಲ್ಲ. “ನಾವೂ ಹೋಗೋಣ ಕಣೇ. ನೀನು ಓಡಿಸು, ನಾನು ಕಾಗದ ಓದ್ತೀನಿ,” ಅಂದರು. ಬೇಡ ಅಂದರೆ ಕೇಳುವ ಪೈಕಿಯಲ್ಲ.

ರ್‍ಯಾಲಿಯ ಹಿಂದಿನ ದಿನ ಎಲ್ಲ ಕಾರುಗಳನ್ನೂ ಮೈದಾನದಲ್ಲಿ ನಿಲ್ಲಿಸಿ ಸಂಘದ ಮೆಕ್ಯಾನಿಕ್ ಪರೀಕ್ಷೆ ಮಾಡಿದ. ಬಿಳಿ ಕಾರಿನೊಳಗೆ ಬಗ್ಗಿ ನೋಡಿದವನು ತಲೆ ಕೆರೆದುಕೊಂಡ.

“ಈ ಎರಡನೇ ಪೆಡಲ್ ಬಿಚ್ಚಿಸಿಬಿಡಿ ಮೇಷ್ಟ್ರೇ. ಬೇಡ ಅಂತ ನಿಯಮ ಇಲ್ಲ. ಆದ್ರೂ ಯಾಕೆ?”

“ಬಿಚ್ಚಿಸ್ರೀ,” ಅಂದರು ಅಕ್ಕ ತಕ್ಷಣ.

“ಸೋಮವಾರ ಮತ್ತೆ ಹಾಕಿಸ್ಬೇಕಲ್ಲ. ಇದ್ರೆ ಇರ್ಲಿ ಬಿಡಿ. ನಾನು ಅದರ ಮೇಲೆ ಕಾಲೇ ಇಡಲ್ಲ.” ಮೇಷ್ಟ್ರು ಹೆಂಡತಿಯತ್ತ ತಿರುಗಿದರು. “ಮಾತು ಕೊಡ್ತಿದ್ದೀನಲ್ಲ?”

ಸುತ್ತ ಶಿಷ್ಯರಿದ್ದರು. ಅಕ್ಕ ಕಾರಿನ ಬಾಗಿಲು ಮುಚ್ಚಿದರು.

ಮರುದಿನ ಬೆಳಿಗ್ಗೆ ಒಂದೊಂದೇ ಕಾರನ್ನು ಸ್ವಲ್ಪ ಬಿಡುವು ಕೊಟ್ಟು ಬಿಟ್ಟರು. ಬಿಳಿ ಕಾರಿನ ಹಿಂದೆಯೇ ನಮ್ಮ ಮನೆಯ ಕಾರಿನ ಸರದಿ. ನನ್ನ ಅಂಗೈ ಬೆವೆತು ಸ್ಟಿಯರಿಂಗ್ ಜಾರುತ್ತಿತ್ತು. ನಮ್ಮತ್ತೆ ಕನ್ನಡಕ ಏರಿಸಿಕೊಂಡು, ದಾರಿಯ ಹಾಳೆಯನ್ನು ಮೂಗಿಗೆ ಹಿಡಿದು, ‘ಪೆಟ್ರೋಲ್ ಬಂಕು ದಾಟಿ ಎಡಕ್ಕೆ’ ಎಂದು ಬಂಕು ದಾಟಿ ಬಲಕ್ಕೆ ತಿರುಗಿದ ಮೇಲೆ ಹೇಳುತ್ತಿದ್ದರು. ಹೇಗೋ ಒಂದೆರಡು ಸಲ ದಾರಿ ತಪ್ಪಿ, ಎಮ್ಮೆಗಳ ಹಿಂಡೊಂದರ ಹತ್ತಿರ ಕ್ಷಮೆ ಕೇಳಿ, ಕಲ್ಲುಕ್ವಾರಿಯ ರಸ್ತೆಗೆ ಬಂದೆವು. ಅಲ್ಲಿಂದ ಗುಡ್ಡದ ಏರು ಶುರು. ಇಷ್ಟೆಲ್ಲ ದಾರಿ ತಪ್ಪಿದ ನಾವು ಆ ಏರಿನ ನಡುವೆ ಬಿಳಿ ಕಾರನ್ನು ಹಿಡಿದುಬಿಟ್ಟೆವು! ನನಗೇ ಆಶ್ಚರ್ಯ.

“ಅದೇನೇ ಅದು? ಏರಲ್ಲೂ ಕೆಂಪು ದೀಪ ಹಾಕ್ಕೊಂಡು ಹೋಗ್ತಿದ್ದಾರೆ?” ಅಂದರು ನಮ್ಮತ್ತೆ.

ನೋಡಿದೆ. ಬಿಳಿ ಕಾರಿನ ಹಿಂದಿನ ಬ್ರೇಕ್ ದೀಪ ಆರುತ್ತಿತ್ತು, ಹತ್ತುತ್ತಿತ್ತು. ತಿರುವು ಹತ್ತಿರವಾದರೆ ಹತ್ತೇ ಇರುತ್ತಿತ್ತು. ಎಂಜಿನ್ನು ಏದುಸಿರು ಬಿಡುತ್ತಿತ್ತು. ಹಿಂದಿನ ಗಾಜಿನಿಂದ ಅಕ್ಕನ ತಲೆ ಕಾಣುತ್ತಿತ್ತು, ನೆಟ್ಟಗೆ. ಮೇಷ್ಟ್ರ ತಲೆ ಹಾಳೆಯ ಮೇಲೆ ಬಗ್ಗಿತ್ತು. ಅವರು ರಸ್ತೆಯನ್ನು ನೋಡುತ್ತಲೇ ಇರಲಿಲ್ಲ. ಗಾಡಿ ವಾಲಿದ್ದನ್ನು ಮೈ ತಿಳಿದುಕೊಳ್ಳುತ್ತಿತ್ತು, ಕಾಲು ತನ್ನ ಕೆಲಸ ಮಾಡುತ್ತಿತ್ತು. ನನಗೆ ಅದು ಆಗ ಹೊಳೆಯಲಿಲ್ಲ. ಬಲ್ಬು ಕೆಟ್ಟಿದೆ ಅಂದುಕೊಂಡೆ. ಗುರುವನ್ನು ಹಿಂದೆ ಹಾಕಲು ನಾಚಿಕೆಯಾಯಿತು. ಹಾಕದಿದ್ದರೆ ನಮಗೂ ತಡವಾಗುತ್ತಿತ್ತು. ಪಕ್ಕದಲ್ಲಿ ಹಾದುಹೋಗುವಾಗ ಮೇಷ್ಟ್ರ ಕೂಗು ಕಿಟಕಿಯಿಂದ ಕೇಳಿಸಿತು.

“ಆಕ್ಸಿಲರೇಟರ್ ಒತ್ತು, ಇನ್ನೂ ಒತ್ತು! ಎಲ್ಲಿದೆ ನಿನ್ನ ಜ್ಞಾನ? ಎಲ್ಲ ಕಡೆ ತಡ ಆಯ್ತು!”

ಇಡೀ ಆಯುಷ್ಯ ‘ನಿಧಾನ’ ಅಂದ ಬಾಯಿ ಅಂದು ‘ಬೇಗ’ ಅನ್ನುತ್ತಿತ್ತು. ನಮ್ಮತ್ತೆ ನಕ್ಕರು. ನಾನೂ ನಕ್ಕೆ. ಅಕ್ಕನ ಮುಖ ನೋಡಿದ ಮೇಲೆ ನಗು ನಿಂತಿತು. ಅವರು ನಮ್ಮತ್ತ ತಿರುಗಲೂ ಇಲ್ಲ.

ಮೈದಾನಕ್ಕೆ ಕೊನೆಯಲ್ಲಿ ಬಂದ ಕಾರು ಅವರದೇ. ಬರುವಾಗಲೇ ಸುಟ್ಟ ವಾಸನೆ ಅದರ ಜೊತೆಗೇ ಬಂತು. ಮೇಷ್ಟ್ರನ್ನು ನೋಡಲೆಂದೇ ಶಿಷ್ಯರ ದಂಡು ಕಾದಿತ್ತು: ಟ್ಯಾಕ್ಸಿಯವನು, ಔಷಧಿ ಅಂಗಡಿಯಾಕೆ, ಕ್ಷೌರದ ಅಂಗಡಿಗೆ ನುಗ್ಗಿದ್ದ ಆ ಹಳೆಯ ಶಿಷ್ಯನೂ ಇದ್ದ. ಹೆಂಗಸರ ಬ್ಯಾಚಿಗೆ ಹೆಸರು ಕೊಟ್ಟು ಕಾಯುತ್ತಿದ್ದವರು ಅಕ್ಕನನ್ನು ನೋಡಿ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಬಾಗಿಲು ತೆಗೆದು ಇಳಿದರು. ಮುಖ ಕೆಂಪಾಗಿತ್ತು. ಎಲ್ಲರೂ ಏನಾಯಿತು ಅನ್ನುವ ಹಾಗೆ ನೋಡುತ್ತಿದ್ದರು. ಆ ನೋಟ ಅವರಿಗೆ ತಡೆಯಲಾಗಲಿಲ್ಲ.

“ಏನು ಮಾಡೋದು ಹೇಳಿ,” ಅಂದರು, ಎಲ್ಲರಿಗೂ ಕೇಳಿಸುವಂತೆ ನಕ್ಕು. “ಇವಳಿಗೆ ಹೆದರಿಕೆ. ಗಾಡಿ ಮುಂದಕ್ಕೇ ಹೋಗಲ್ಲ ಅಂತದೆ. ಹೆಂಗಸರ ಬ್ಯಾಚು ಗಿಚ್ಚು ಎಲ್ಲ ಇನ್ನೂ ದೂರದ ಮಾತು ಬಿಡಿ. ಮೊದ್ಲು ಇವಳೇ ಕಲೀಬೇಕು.”

ಚಪ್ಪಾಳೆ ನಿಂತುಹೋಯಿತು. ಅಕ್ಕ ಇನ್ನೂ ಸೀಟಿನಲ್ಲೇ ಇದ್ದರು. ಬಾಗಿಲಿನ ಗೂಡಿನಿಂದ ಬಟ್ಟೆ ತೆಗೆದು ಸ್ಟಿಯರಿಂಗ್ ಒರೆಸತೊಡಗಿದರು, ಅದು ಸ್ವಚ್ಛವಾಗೇ ಇತ್ತು. ಕತ್ತು, ಕಿವಿ ಎಲ್ಲ ಕೆಂಪು. ಅವಮಾನ ಅಂದರೆ ಅದು. ನೋಡುತ್ತಿದ್ದ ನನಗೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ನಮ್ಮತ್ತೆ ಬಾಯಿ ತೆರೆದರು. ಅವರ ಮನಸ್ಸಿನಲ್ಲಿ ಯಾವ ಕುಹಕವೂ ಇರಲಿಲ್ಲ, ಆಣೆ ಮಾಡಿ ಹೇಳಬಲ್ಲೆ.

“ಏನಪ್ಪಾ ಮೇಷ್ಟ್ರೇ, ನಿಮ್ಮ ಗಾಡಿ ಹಿಂದಿನ ದೀಪ ಕೆಟ್ಟಿದೆ ನೋಡಿ. ಗುಡ್ಡ ಹತ್ತುವಾಗ್ಲೂ ಉರೀತಾನೇ ಇತ್ತು. ಏರಲ್ಲಿ ಯಾರಾದ್ರೂ ಬ್ರೇಕ್ ಹಾಕ್ತಾರಾ?”

ಟ್ಯಾಕ್ಸಿಯವನು ಫಕ್ಕನೆ ನಕ್ಕವನು ಅರ್ಧಕ್ಕೇ ನಿಲ್ಲಿಸಿದ. ಮತ್ತೆ ಯಾರೂ ನಗಲಿಲ್ಲ. ಬೇರೆ ಊರಿನವರಾಗಿದ್ದರೆ ದೀಪ ಕೆಟ್ಟಿದೆ ಅಂತಲೇ ನಂಬುತ್ತಿದ್ದರು. ಆದರೆ ಅಲ್ಲಿ ನಿಂತವರಲ್ಲಿ ಹೆಚ್ಚಿನವರು ಅದೇ ಕಾರಿನಲ್ಲಿ ಕಲಿತವರು. ಕಾಲಡಿಯ ಪೆಡಲ್ ತಾನಾಗಿ ಕುಸಿಯುವುದನ್ನು ಒಬ್ಬೊಬ್ಬರೂ ಅನುಭವಿಸಿದವರು. ಒಬ್ಬರಾದ ಮೇಲೆ ಒಬ್ಬರು ಮೇಷ್ಟ್ರ ಬಲಗಾಲಿನ ಬೂಟು ನೋಡಿದರು. ಮೇಷ್ಟ್ರೂ ನೋಡಿಕೊಂಡರು. ಅವರಿಗೆ ಅದುವರೆಗೂ ಗೊತ್ತಿರಲಿಲ್ಲ, ಅದಂತೂ ನಿಜ. ಆ ಗಳಿಗೆಯಲ್ಲಿ ಗೊತ್ತಾಯಿತು. ಮುಖದ ಬಣ್ಣ ಇಳಿದುಹೋಯಿತು.

ಅಕ್ಕ ಕಾರಿನಿಂದ ಇಳಿದರು.

“ಹೌದು ದೊಡ್ಡಮ್ಮ, ದೀಪ ಕೆಟ್ಟಿದೆ. ನಾಳೆ ತೋರಿಸ್ತೀವಿ,” ಅಂದರು ನಮ್ಮತ್ತೆಗೆ.

ಮೇಷ್ಟ್ರು ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಬಹುಮಾನ ಹಂಚುವಾಗ ಸಂಘದವರು ‘ನಮ್ಮೆಲ್ಲರ ಗುರುಗಳು ಎರಡು ಮಾತಾಡಬೇಕು’ ಎಂದು ಮೈಕು ಕೈಗೇ ಕೊಟ್ಟರು. ಮೇಷ್ಟ್ರು ಮೈಕು ಹಿಡಿದರು, ನಮ್ಮನ್ನೆಲ್ಲ ನೋಡಿದರು, ಗಂಟಲು ಸರಿಮಾಡಿಕೊಂಡರು. “ಎಲ್ಲರಿಗೂ ನಮಸ್ಕಾರ,” ಅಂದು ಮೈಕು ವಾಪಸು ಕೊಟ್ಟು ಕೂತರು. ನನಗೆ ಮೈಯೆಲ್ಲ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಇದೆ. ಇಲ್ಲಿ ಕುಣಿಯಬಲ್ಲವಳ ಕಾಲು ಹಿಡಿದು, ಕುಣಿಯಲು ಬರುವುದಿಲ್ಲ ಅಂದದ್ದು!

ಮನೆಗೆ ಮರಳುವಾಗ ಮೇಷ್ಟ್ರು ಯಾರೂ ಹೇಳದೆ ಹಿಂದಿನ ಸೀಟಿಗೆ ಹೋಗಿ ಕೂತರಂತೆ. ಇದನ್ನು ಆಮೇಲೆ ನನಗೆ ಹೇಳಿದ್ದು ಅಕ್ಕ, ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು.

“ನಿನಗೆ ಗೊತ್ತಿತ್ತಾ?” ಎಂದು ಅರ್ಧ ದಾರಿಯಲ್ಲಿ ಮೇಷ್ಟ್ರು ಕೇಳಿದರಂತೆ.

“ಮೊದಲನೇ ತಿರುವಲ್ಲೇ ಗೊತ್ತಾಯ್ತು. ನನ್ನ ಕಾಲ ಕೆಳಗೇ ತಾನೇ ಇಳಿಯೋದು.”

“ಮತ್ತೆ ಹೇಳ್ಬಾರದಿತ್ತಾ?”

“ಮಾತು ಕೊಟ್ಟಿದ್ರಲ್ಲ. ನೀವಾಗೇ ಯಾವಾಗ ಕಾಲು ತೆಗೀತೀರಿ ಅಂತ ನೋಡ್ತಾ ಇದ್ದೆ.” ಗೇರು ಬದಲಿಸಿ ಅಕ್ಕನೇ ಮತ್ತೆ ಅಂದರಂತೆ, “ಇವತ್ತೊಂದಿನ ಅಲ್ಲ, ಮದುವೆ ಆದಾಗಿನಿಂದ ನೋಡ್ತಾ ಇದ್ದೀನಿ.”

ಬ್ರೇಕು ಒತ್ತುವವರಿಲ್ಲದೆ ಗಾಡಿ ಹಗುರಾಗಿ ಓಡಿತಂತೆ. ಅಷ್ಟು ಹೇಳಿ ಅಕ್ಕ ಜೆರಾಕ್ಸ್ ಹಾಳೆಗಳನ್ನು ಎಣಿಸಿಕೊಂಡು ಹೋದರು.

ಆಮೇಲಿನ ದಿನಗಳಲ್ಲಿ ಮೇಷ್ಟ್ರನ್ನು ನೋಡಿದರೆ ಕೋಪ ಇದ್ದವರಿಗೂ ಅಯ್ಯೋ ಅನ್ನಿಸುತ್ತಿತ್ತು. ಟ್ಯಾಕ್ಸಿ ಸ್ಟ್ಯಾಂಡು ತಪ್ಪಿಸಿ ಹಿಂದಿನ ಓಣಿಯಿಂದ ಬರುತ್ತಿದ್ದರು. ನನ್ನ ಅಂಗಡಿಯಲ್ಲಿ ಕಾಗದ ಕೊಟ್ಟರೆ ಯಂತ್ರದ ಮುಖ ನೋಡುತ್ತಿದ್ದರೇ ಹೊರತು ನನ್ನ ಮುಖ ಅಲ್ಲ. ಕಲಿಸುವಾಗ ‘ನಿಧಾನ’ ಅನ್ನುವುದೇ ಬಿಟ್ಟುಹೋಗಿತ್ತು. ಶಿಷ್ಯರಿಗೆ ಅದೇ ಹೆಚ್ಚು ಹೆದರಿಕೆಯಾಗುತ್ತಿತ್ತಂತೆ. ಹೆಂಗಸರ ಬ್ಯಾಚಿನ ಮಾತನ್ನು ಅವರು ಎತ್ತಲಿಲ್ಲ, ಅಕ್ಕನೂ ಕೇಳಲಿಲ್ಲ. ಕೊಡಲು ಮನಸ್ಸಿಲ್ಲ ಅಂತಲ್ಲ. ಕೊಡಬೇಕೆಂದರೆ ಯಾರೆದುರು ‘ಇವಳಿಗೆ ಬರಲ್ಲ’ ಅಂದಿದ್ದರೋ ಅವರೆದುರೇ ಆ ಮಾತು ನುಂಗಬೇಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ್ದನ್ನು ನುಂಗುವುದು ಅದಕ್ಕಿಂತ ಕಷ್ಟ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಒಂದು ಬೆಳಿಗ್ಗೆ ನಮ್ಮತ್ತೆ ನನ್ನ ಕೈ ಹಿಡಿದುಕೊಂಡು ಸ್ಕೂಲಿನೊಳಕ್ಕೆ ನಡೆದರು. ನನಗೆ ಹೇಳದೆ ಕೇಳದೆ ಕಲಿಯುವವರ ಲೈಸೆನ್ಸು ಮಾಡಿಸಿಕೊಂಡಿದ್ದರು! ಮುಂದಿನ ಕೋಣೆಯಲ್ಲಿ ಪಾಠ ನಡೆಯುತ್ತಿತ್ತು. ಬೆಂಚು ತುಂಬ ಜನ. ಔಷಧಿ ಅಂಗಡಿಯಾಕೆ ತನ್ನ ತಂಗಿಯನ್ನು ಸೇರಿಸಲು ಬಂದಿದ್ದಳು; ಟ್ಯಾಕ್ಸಿಯವನು ಏನೋ ಕಾಗದಕ್ಕೆ ಕಾಯುತ್ತಿದ್ದ. ಅಕ್ಕ ಹಲಗೆಯ ಮೇಲೆ ಇಳಿಜಾರಿನ ಚಿಹ್ನೆ ಬರೆಯುತ್ತಿದ್ದರು. ಮೇಷ್ಟ್ರು ಮೂಲೆಯ ಮೇಜಿನ ಹಿಂದೆ ಕೂತಿದ್ದರು.

“ನನಗೂ ಗಾಡಿ ಕಲಿಸ್ಬೇಕಪ್ಪಾ ಮೇಷ್ಟ್ರೇ,” ಅಂದರು ನಮ್ಮತ್ತೆ. “ಮೊಣಕಾಲು ನಡೆಯೋಕೆ ತಕರಾರು ಮಾಡುತ್ತೆ, ಒತ್ತೋಕೆ ಮಾಡಲ್ಲ. ಅಂದ ಹಾಗೆ ಆ ಕೆಂಪು ದೀಪ ರಿಪೇರಿ ಆಯ್ತಾ? ಕೆಟ್ಟ ಗಾಡೀಲಿ ನಾನು ಕೂರಲ್ಲ.”

ನಾನು ಅವರ ಕೈ ಜಿಗುಟಿದೆ. ತಡವಾಗಿತ್ತು. ಅಕ್ಕ ಸೀಮೆಸುಣ್ಣ ಹಿಡಿದುಕೊಂಡೇ ತಿರುಗಿದರು.

“ಆಯ್ತು ದೊಡ್ಡಮ್ಮ, ಆವತ್ತೇ ಸರಿ...”

“ದೀಪ ಸರಿಯಾಗೇ ಇತ್ತು,” ಅಂದರು ಮೇಷ್ಟ್ರು.

ಎದ್ದು ನಿಂತಿದ್ದರು. ಮೇಜಿನ ಅಂಚು ಹಿಡಿದುಕೊಂಡಿದ್ದರು. ಕಿವಿ ಕೆಂಪಗಿತ್ತು, ಆವತ್ತು ಮೈದಾನದಲ್ಲಿ ಅಕ್ಕನದು ಇದ್ದ ಹಾಗೆ.

“ದೀಪದಲ್ಲಿ ಏನೂ ಇರಲಿಲ್ಲ. ಒತ್ತಿದ್ದು ನಾನು. ದಾರಿ ಉದ್ದಕ್ಕೂ ನಾನೇ ಒತ್ತಿದ್ದೆ. ಆಮೇಲೆ ಅವಳಿಗೆ ಬರಲ್ಲ ಅಂದೆ, ಎಲ್ಲರೆದುರು ಅಂದೆ. ಅವಳಿಗೆ ಚೆನ್ನಾಗಿ ಬರುತ್ತೆ.” ಅಷ್ಟರಲ್ಲಿ ಉಸಿರು ಸಾಲದೆ ನಿಲ್ಲಿಸಿದರು. “ನನಗೆ ನಾಚಿಕೆ ಆಗ್ತಿದೆ,” ಅಂದರು ಆಮೇಲೆ, ಬಹಳ ಸಣ್ಣ ದನಿಯಲ್ಲಿ.

ಟ್ಯಾಕ್ಸಿಯವನು ಬಾಗಿಲ ಹೊರಗೆ ನೋಡತೊಡಗಿದ. ಮೇಷ್ಟ್ರು ಅಂಗಿಯ ಜೇಬಿನಿಂದ ಕಾರಿನ ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಆ ಕೀಲಿ ಬೇರೆಯವರ ಕೈಗೆ ಹೋದದ್ದನ್ನು ನಾನಂತೂ ಕಂಡಿರಲಿಲ್ಲ. ಅಕ್ಕ ಇಳಿಜಾರಿನ ಚಿಹ್ನೆಯನ್ನು ಪೂರ್ತಿ ಬರೆದು ಮುಗಿಸಿದರು. ಕೈ ಕೊಡವಿಕೊಂಡು ಬಂದು ಕೀಲಿ ತೆಗೆದುಕೊಂಡರು. ಕೀಲಿ ಎತ್ತಿಕೊಳ್ಳುವಾಗ ಒಂದು ಕ್ಷಣ ಗಂಡನ ಮುಖ ನೋಡಿದರು.

“ಬನ್ನಿ ದೊಡ್ಡಮ್ಮ, ಮೊದಲನೇ ಪಾಠ ನಿಮ್ಮದೇ,” ಅಂದರು.

ನಮ್ಮತ್ತೆ ಸ್ಟಿಯರಿಂಗಿನ ಮುಂದೆ, ಅಕ್ಕ ಪಕ್ಕದ ಸೀಟಿನಲ್ಲಿ, ಆ ಎರಡನೇ ಪೆಡಲ್ಲಿನ ಎದುರು. ಬಿಳಿ ಕಾರು ಒಂದು ಸಲ ಕುಪ್ಪಳಿಸಿ, ಒಂದು ಸಲ ಸತ್ತು, ಮತ್ತೆ ಜೀವ ಬಂದು ಬೀದಿಗಿಳಿಯಿತು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು, ಪಕ್ಕದಲ್ಲಿ ನಾನು. ಕಾರು ತಿರುವಿನ ಹತ್ತಿರ ಹೋದಾಗ ಅವರ ಬಲಗಾಲು ಮೆಟ್ಟಿಲನ್ನು ಒತ್ತಿತು, ಬೂಟಿನ ತುದಿ ಸುಕ್ಕುಗಟ್ಟುವಷ್ಟು. ನಾನು ನೋಡಿದ್ದನ್ನು ಅವರು ನೋಡಿದರು. ಕಾಲನ್ನು ಹಿಂದಕ್ಕೆ ಎಳೆದುಕೊಂಡು, ತಲೆ ತಗ್ಗಿಸಿ, ಹಲಗೆ ಒರೆಸಲು ಒಳಗೆ ಹೋದರು.